ಮಾವ ಕೊಟ್ಟ ವಾಚಿನ ಬೆಲ್ಟು

ವಾಚು ನಿಂತರೆ ಜನ ಸೀದಾ ನನ್ನ ಅಂಗಡಿಗೆ ಬರುತ್ತಾರೆ. ಬೆಲ್ಟು ಕಿತ್ತರೆ ಮಾತ್ರ ಬರುವುದಿಲ್ಲ. ಅದೇನು ಮಹಾ, ಎರಡು ಹೊಲಿಗೆ, ಒಂದು ತೊಟ್ಟು ಗಮ್ಮು ಅಂತ ಮನೆಯಲ್ಲೇ ಶುರು ಹಚ್ಚಿಕೊಳ್ಳುತ್ತಾರೆ. ಬರುವುದು ಆಮೇಲೆ. ಹಾಗೆ ಆಮೇಲೆ ಬಂದವರನ್ನು ನೋಡಿ ನೋಡಿ ನನ್ನ ತಲೆ ಅರ್ಧ ಬೆಳ್ಳಗಾಯಿತು. ಉಳಿದರ್ಧ ಮಗಳ ಮದುವೆಯಲ್ಲಿ ಆಯಿತು.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಿಂದ ಪೇಟೆಬೀದಿಗೆ ತಿರುಗುವಲ್ಲಿ ನನ್ನ ಅಂಗಡಿ. ಗೋಡೆ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಮಧ್ಯಾಹ್ನ ಮುದ್ದೆ ಉಂಡು ಬಂದು ಕೂತೆನೆಂದರೆ ಹೊರಗೆ ಬೀದಿಯಲ್ಲಿ ಬಿಸಿಲು ಮಲಗಿರುತ್ತದೆ. ಒಳಗೆ ಟಿಕ್ ಟಿಕ್ ಸದ್ದು ಒಂದರ ಮೇಲೊಂದು ಬಿದ್ದು ಹೊಳೆ ಹರಿದ ಹಾಗೆ ಕೇಳಿಸುತ್ತದೆ. ಕಣ್ಣು ತೆರೆದಿರುವಾಗಲೇ ನನಗೆ ಕನಸು ಹತ್ತುತ್ತದೆ. ಯಾವಾಗಲೂ ಅದೇ ಕನಸು. ಹಸಿರು ಗುಡ್ಡ, ಅದರ ನೆತ್ತಿಯಲ್ಲಿ ಹಿಮ, ಇಳಿಜಾರಿನಲ್ಲಿ ಮೇಯುವ ದನ, ದನದ ಕೊರಳಲ್ಲಿ ಗಂಟೆ. ಸ್ವಿಟ್ಜರ್ಲೆಂಡು! ನಾನು ಹಾಸನ ಜಿಲ್ಲೆ ಬಿಟ್ಟು ಹೆಚ್ಚು ದೂರ ಹೋದವನಲ್ಲ. ಆದರೆ ನನ್ನ ಎಡಗೈ ಮಣಿಕಟ್ಟಿನಲ್ಲಿ ಸ್ವಿಟ್ಜರ್ಲೆಂಡು ಇತ್ತು.

ಅದು ಮಾವ ಕೊಟ್ಟ ವಾಚಿನ ಬೆಲ್ಟು. ನಮ್ಮ ಕಡೆ ವರಪೂಜೆಯಲ್ಲಿ ಹೆಣ್ಣಿನ ಅಪ್ಪ ಗಂಡಿನ ಕೈಗೆ ವಾಚು ಕಟ್ಟಬೇಕು. ಉಂಗುರ ತೆಳ್ಳಗಿದ್ದರೂ ನಡೆದುಹೋಗುತ್ತದೆ, ವಾಚಿಲ್ಲ ಅಂದರೆ ಗಂಡಿನ ಕಡೆಯವರ ಮುಖ ಊದಿಕೊಳ್ಳುತ್ತದೆ. ನನ್ನ ಮಾವ ಅರಕಲಗೂಡು ಕಡೆಯ ಹಳ್ಳಿಯವರು, ಹೊಗೆಸೊಪ್ಪು ಬೆಳೆಯುವ ಗಟ್ಟಿ ಕುಳ. ಹೊಲ ಗದ್ದೆ ಇಲ್ಲದ ಅಂಗಡಿಯವನಿಗೆ ಮಗಳನ್ನು ಕೊಡಲು ಅವರಿಗೆ ಅಷ್ಟಾಗಿ ಮನಸ್ಸಿರಲಿಲ್ಲ. ಆದರೂ ಕೊಟ್ಟರು, ವಾಚನ್ನೂ ಕಟ್ಟಿದರು. ವಾಚೇನೋ ಸಾಧಾರಣದ್ದು. ಬೆಲ್ಟು ಎಂಥದ್ದು ಅಂತೀರಿ! ದಪ್ಪ ಚರ್ಮ, ಜೇನಿನ ಬಣ್ಣ, ಮಳೆಗೆ ನೆನೆದರೆ ಒಂದು ಥರ ಫಾರಿನ್ ವಾಸನೆ. ಬಕಲ್ಲಿನ ಹತ್ತಿರ ಅರ್ಧಚಂದ್ರದ ಒಂದು ಅಚ್ಚು. ಅದು ಸ್ವಿಟ್ಜರ್ಲೆಂಡಿನ ಕಂಪನಿ ಮಾರ್ಕು ಅಂತ ನಾನು ಮೊದಲ ದಿನವೇ ಕಂಡುಹಿಡಿದೆ. ವಾಚಿನ ಒಳಗಿನ ಮೆಷಿನ್ ಬದಲಾಯಿತು, ಗಾಜು ಬದಲಾಯಿತು, ಬೆಲ್ಟಿಗೆ ಮಾತ್ರ ಒಂದು ಬಿರುಕೂ ಬೀಳಲಿಲ್ಲ. ಕಿತ್ತ ಬೆಲ್ಟು ಹಿಡಿದುಕೊಂಡು ಬಂದ ಗಿರಾಕಿಗೆಲ್ಲ ನಾನು ಕೈ ಮುಂದೆ ಮಾಡಿ, "ನೋಡಿ, ಬೆಲ್ಟು ಅಂದ್ರೆ ಇದು" ಅನ್ನುತ್ತಿದ್ದೆ.

ಮಾವನಿಗೂ ಆ ಬೆಲ್ಟಿನ ಮೇಲೆ ಒಂದು ಕಣ್ಣು. ನಾನು ಅವರ ಊರಿಗೆ ಹೋದರೆ ಮೊದಲು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಮಣಿಕಟ್ಟನ್ನು. ಕೇಳುತ್ತಿದ್ದದ್ದೂ ಒಂದೇ ಮಾತು: "ಬೆಲ್ಟು ಎಂಗಿದೆ ಅಳಿಯಂದ್ರೇ?" ಕೊಟ್ಟದ್ದನ್ನು ಕಾಪಾಡಿಕೊಳ್ಳುವ ಯೋಗ್ಯತೆ ಈ ಅಂಗಡಿಯವನಿಗೆ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಿದ್ದಾರೆ ಅಂತ ನನ್ನ ಲೆಕ್ಕ. ಪ್ರತಿ ಸಲವೂ ಪಾಸಾಗಿ ಎದೆ ಉಬ್ಬಿಸಿಕೊಂಡು ಬರುತ್ತಿದ್ದೆ.

ಮಗಳಿಗೆ ಮದುವೆ ಗೊತ್ತಾಯಿತು. ಗಂಡು ಚನ್ನರಾಯಪಟ್ಟಣದವನು, ದನದ ಡಾಕ್ಟರು, ಒಳ್ಳೇ ಹುಡುಗ. ಈಗ ವಾಚು ಕಟ್ಟುವ ಸರದಿ ನನ್ನದು. ಹೆಂಡತಿ ಖಡಾಖಂಡಿತ ಹೇಳಿದಳು: "ನಮ್ಮಪ್ಪ ನಿಮಗೆ ಕಟ್ಟಿದ್ದನ್ನೇ ನೀವು ಅಳಿಯಂಗೆ ಕಟ್ಟಬೇಕು. ನಮ್ಮಪ್ಪನ ಕಣ್ಣೆದುರಿಗೇ ಕಟ್ಟಬೇಕು." ಅದಕ್ಕೇನಂತೆ ಅಂದೆ. ಅಂದ ಮಾರನೇ ದಿನ ಅಂಗಡಿಯ ಶಟರ್ ಎಳೆಯುವಾಗ ಬಕಲ್ಲಿನ ಬುಡದಲ್ಲಿ ಬೆಲ್ಟು ಪಟ್ ಅಂದಿತು.

ಬೇರೆ ಬೆಲ್ಟು ಹಾಕಿದರೆ ಮಾವ ಮಂಟಪದಲ್ಲಿ ಎಲ್ಲರೆದುರು, ನಾನು ಕೊಟ್ಟಿದ್ದೆಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ಇಷ್ಟು ವರ್ಷ ಪಾಸಾದವನು ಕೊನೇ ಪರೀಕ್ಷೆಯಲ್ಲಿ ಡುಮ್ಕಿ. ಅದೇ ಬೆಲ್ಟನ್ನು ರಿಪೇರಿ ಮಾಡಬೇಕು, ಮಾಡಿದ್ದು ಮಾವನ ಕಣ್ಣಿಗೆ ಬೀಳಬಾರದು. ಹಿಂದೆ ನಾನು ಯಾರ್ಯಾರನ್ನು ನೋಡಿ ನಕ್ಕಿದ್ದೆನೋ ಅವರೆಲ್ಲ ಒಬ್ಬೊಬ್ಬರಾಗಿ ನೆನಪಾಗತೊಡಗಿದರು.

ಗಮ್ಮು

ಮೊದಲು ನೆನಪಾದವರು ಹಳೇಕೋಟೆಯ ಯಜಮಾನರು. ಹಿಂದೊಂದು ಬೆಳಿಗ್ಗೆ ಎಡಗೈಯನ್ನು ಬಲಗೈಯಲ್ಲಿ ಹಸುಗೂಸಿನ ಹಾಗೆ ಎತ್ತಿಕೊಂಡು ಬಂದಿದ್ದರು.

"ಸಾ, ಇದ್ನ ವಸಿ ಬಿಚ್ಕೊಡಿ."

"ಬಿಚ್ಚೋಕೆ ನಾನ್ಯಾಕೆ? ಬಕಲ್ ತೆಗೀರಿ."

"ಬಕಲ್ಲು ಎಲ್ಲೈತೆ ಸಾ? ಅದು ಮುರಿದೋಯ್ತು ಅಂತ್ಲೇ ಗಮ್ಮು ಆಕಿದ್ದು."

ನೋಡಿದೆ. ಪುಣ್ಯಾತ್ಮರು ವಾಚನ್ನು ಕೈಗೆ ಸುತ್ತಿಕೊಂಡೇ ಬೆಲ್ಟಿನ ಎರಡು ತುದಿಗೂ ಗಮ್ಮು ಹಚ್ಚಿ ಒತ್ತಿ ಹಿಡಿದಿದ್ದಾರೆ.

"ಅಲ್ರೀ, ಕೈಯಿಂದ ತೆಗೆದು ಅಂಟಿಸಬಾರದಿತ್ತಾ?"

"ತೆಗ್ದು ಅಂಟ್ಸಿದ್ರೆ ಆಮೇಲೆ ಕೈ ಒಳಿಕ್ಕೆ ಓಗೋದೆಂಗೆ ಸಾ?"

ಅವರ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಗಮ್ಮು ಬೆಲ್ಟಿನ ಜೊತೆಗೆ ಮಣಿಕಟ್ಟಿನ ಕೂದಲನ್ನೂ ಹಿಡಿದುಕೊಂಡಿತ್ತು. ನೀರು ತಾಗಬಾರದು ಅಂತ ಅವರು ಸ್ನಾನಕ್ಕೆ ಕೈ ಮೇಲೆತ್ತಿಕೊಂಡು ನಿಲ್ಲುತ್ತಿದ್ದರಂತೆ. "ಓಟು ಕೇಳಾಕೆ ಬಂದಂಗೆ ಕಾಣ್ತೀಯ ಅಂತಾಳೆ ಸಾ ನಮ್ಮನೆಯೋಳು" ಅಂತ ನೊಂದುಕೊಂಡರು. ಕೊಬ್ಬರಿ ಎಣ್ಣೆ ಸುರಿದು, ಬೆಲ್ಟಿನಡಿ ತೆಳ್ಳನೆ ತಗಡು ತೂರಿಸಿ, ಮೆಲ್ಲಗೆ ಎತ್ತಿದೆ. ಯಜಮಾನರು ಹಾಕಿದ ಕೂಗಿಗೆ ಪಕ್ಕದ ಹೂವಿನವಳು ಬುಟ್ಟಿ ಬಿಟ್ಟು ಓಡಿಬಂದು, "ವಾಚ್ ರಿಪೇರಿ ಅಂತ ಬೋರ್ಡ್ ಆಕ್ಕಂಡು ಒಳಗೇನಣ್ಣಾ ಮಾಡ್ತಿದ್ದೀರಾ?" ಅಂದಳು.

ಕೊನೆಗೂ ಕೈ ಬಿಡುಗಡೆಯಾಯಿತು. ಹೊಸ ಬೆಲ್ಟು ಹಾಕಿಕೊಡಲೇ ಅಂತ ಕೇಳಿದೆ.

"ಬ್ಯಾಡ ಸಾ. ಗಮ್ಮು ಭಾರಿ ಗಟ್ಟಿ ಐತೆ. ಈ ಸಲ ಕೂದ್ಲು ಬೋಳಿಸ್ಕಂಡು ಅಂಟಿಸ್ತೀನಿ."

ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕವನು ನಾನು. ಈಗ ಶಟರ್ ಅರ್ಧ ಇಳಿಸಿ, ಕಳ್ಳನ ಹಾಗೆ ಕೂತು, ಅದೇ ಗಮ್ಮನ್ನು ಸ್ವಿಟ್ಜರ್ಲೆಂಡಿಗೆ ಹಚ್ಚಿದೆ. ಆ ಚರ್ಮ ಅದೆಷ್ಟು ಎಣ್ಣೆ ಕುಡಿದಿತ್ತೋ ಏನೋ, ಗಮ್ಮು ಜಾರಿ ಜಾರಿ ಬಂತು. ನನ್ನ ಹೆಬ್ಬೆರಳು, ತೋರುಬೆರಳು ಮಾತ್ರ ದುಂಡಗೆ ಜೋಡಿಯಾಗಿ ಅಂಟಿಕೊಂಡವು. ಹಾಗೇ ಮನೆಗೆ ಹೋದೆ. ಹೆಂಡತಿ ನನ್ನ ಕೈ ನೋಡಿ, "ಸಾರು ಇನ್ನೂ ಬಡಿಸೇ ಇಲ್ಲ, ಆಗ್ಲೇ ಸೂಪರ್ ಅಂತಿದ್ದೀರಲ್ಲ!" ಅಂದಳು.

ಬಾರ್ಡರ್

ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ನಮ್ಮೂರಿನ ಆಫೀಸಿಗೆ ಬರುವ ಗುಮಾಸ್ತರೊಬ್ಬರಿದ್ದಾರೆ. ಒಂದು ದಿನ ಅಂಗಡಿ ಮೆಟ್ಟಿಲು ಹತ್ತಿ, ಆ ಕಡೆ ಈ ಕಡೆ ನೋಡಿ, ತೋಳು ಮೇಲೆ ಸರಿಸಿದರು. ಮಣಿಕಟ್ಟಿನಲ್ಲಿ ಹಸಿರು ರೇಷ್ಮೆ, ಎರಡೂ ಅಂಚಿಗೆ ಜರಿ, ಬಕಲ್ಲಿನ ಬದಲು ಟಿಚ್ ಬಟನ್. ನಡುವೆ ಪಾಪದ ವಾಚು, ಒಡವೆ ಅಂಗಡಿಗೆ ದಾರಿ ತಪ್ಪಿ ಬಂದವನ ಹಾಗೆ ಕೂತಿತ್ತು.

"ನಮ್ಮ ಮನೆಯವಳು ಬ್ಲೌಸ್ ಹೊಲೀತಾಳೆ ಸಾರ್. ಬೆಲ್ಟು ಕಿತ್ತೋಯ್ತು ಅಂತ ಬಾಯಿ ತಪ್ಪಿ ಅಂದುಬಿಟ್ಟೆ. ಸೀರೆ ಬಾರ್ಡರಲ್ಲಿ ಹೊಲಿದುಕೊಟ್ಟಳು. ಪ್ರೀತಿಯಿಂದ ಕೊಟ್ಟಿದ್ದು, ಬೇಡ ಅನ್ನೋಕಾಗಲ್ಲ. ಇದನ್ನ ಹಾಕ್ಕೊಂಡು ಆಫೀಸಿಗೂ ಹೋಗೋಕಾಗಲ್ಲ."

ಅವತ್ತಿನಿಂದ ನನ್ನ ಅಂಗಡಿ ಅವರಿಗೆ ಬಟ್ಟೆ ಬದಲಾಯಿಸುವ ಕೋಣೆಯಾಯಿತು. ಬೆಳಿಗ್ಗೆ ಬಸ್ಸಿಳಿದು ಬಂದು ಬಾರ್ಡರ್ ಬಿಚ್ಚಿ ಕರೀ ಬೆಲ್ಟು ಹಾಕಿಕೊಳ್ಳುವುದು, ಸಂಜೆ ಕರಿಯದು ಬಿಚ್ಚಿ ಬಾರ್ಡರ್ ಹಾಕಿಕೊಂಡು ಮನೆಗೆ ಹೋಗುವುದು. ಗಂಡ ದಿನಾ ಹಾಕಿಕೊಂಡು ಬರುತ್ತಾನಲ್ಲ ಅಂತ ಆಯಮ್ಮನಿಗೂ ಹುರುಪು ಏರಿತು. "ಇವತ್ತು ಮಾವಿನಕಾಯಿ ಡಿಸೈನು ಸಾರ್" ಅಂತ ಗುಮಾಸ್ತರು ಅಳುಮುಖದಲ್ಲಿ ತೋಳು ಸರಿಸುತ್ತಿದ್ದರು.

ಒಂದು ದಿನ ನಾನು ಕನಸಿನಲ್ಲಿದ್ದೆ, ಅವರೂ ಯಾವುದೋ ಯೋಚನೆಯಲ್ಲಿದ್ದರು. ಮಾತಾಡಿಕೊಂಡು ಹಾಗೇ ಹೊರಟುಹೋದರು, ಬೆಲ್ಟು ಬದಲಾಯಿಸಲಿಲ್ಲ. ನನಗೆ ಅದು ಹೊಳೆಯುವ ಹೊತ್ತಿಗೆ ಅವರು ಆಫೀಸು ಸೇರಿದ್ದರು. ಸಂಜೆ ಅಂಗಡಿ ಕಡೆ ಬರಲೇ ಇಲ್ಲ. ಮಾರನೇ ದಿನ ಬಂದವರನ್ನು, "ಎಲ್ಲಾ ನಕ್ಕರಾ?" ಅಂತ ಕೇಳಿದೆ.

"ನಕ್ಕಿದ್ರೆ ಬದುಕಿಕೊಳ್ತಿದ್ದೆ ಸಾರ್. ಆಫೀಸಿನ ಹೆಂಗಸರೆಲ್ಲ ಮುತ್ತಿಕೊಂಡು ನಮಗೂ ಬೇಕು ಅಂದರು. ಗಲಾಟೆ ಕೇಳಿ ಸಾಹೇಬರು ಒಳಗೆ ಕರೆದರು. ಕಥೆ ಮುಗೀತು ಅಂದ್ಕೊಂಡೇ ಹೋದೆ. ಬಾಗಿಲು ಹಾಕ್ರಿ ಅಂದರು, 'ನೇರಳೆ ಬಣ್ಣದ್ದು ಸಿಗುತ್ತೇನ್ರೀ?' ಅಂತ ಮೆಲ್ಲಗೆ ಕೇಳಿದರು."

ಬೆಲ್ಟು ಕಿತ್ತದ್ದನ್ನು ಮನೆಯಲ್ಲಿ ಒಪ್ಪಿಕೊಂಡ ರಾತ್ರಿ ಈ ಕಥೆಯನ್ನೂ ಹೇಳಿದೆ, ನಗಲಿ ಅಂತ. ಹೆಂಡತಿ ನಗಲಿಲ್ಲ. ಒಳಗೆ ಹೋಗಿ ತನ್ನ ಧಾರೆ ಸೀರೆಯ ತುದಿಯಿಂದ ಬೆರಳಗಲ ಅಂಚು ಕತ್ತರಿಸಿ ತಂದಳು. "ಒಳಗಡೆ ಒತ್ತುಕೊಟ್ಟು ಹೊಲಿದ್ರೆ ಯಾರಿಗೆ ಕಾಣುತ್ತೆ? ನಮ್ಮಪ್ಪನ ಬೆಲ್ಟಿಗೆ ನನ್ನ ಸೀರೆ" ಅಂತ ಮೆಷಿನ್ ಮುಂದೆ ಕೂತಳು. ನಾನೇ ಎದ್ದು ಹೋಗಿ ಸೂಜಿಗೆ ದಾರ ಪೋಣಿಸಿಕೊಟ್ಟೆ. ಅಷ್ಟರಲ್ಲಿ ಸೂಜಿ ಲಟಕ್ಕಂತು. ಇನ್ನೊಂದು ಹಾಕಿದಳು, ಅದೂ ಲಟಕ್ಕಂತು.

"ಇದೇನ್ರೀ ಇದು, ಯಾವುದೋ ದನದ ಚರ್ಮ ಇದ್ದಂಗಿದೆ!"

"ಬಾಯಿ ಮುಚ್ಚೇ, ಸ್ವಿಟ್ಜರ್ಲೆಂಡು!" ಅಂದೆ.

ಟಿಕೆಟ್ ತಗೊಂಡ ಕೋಳಿ

ಲಗ್ನಪತ್ರಿಕೆ ಕೊಡಲು ಮಾವನ ಊರಿಗೆ ಹೊರಟೆ. ತುಂಬುತೋಳಿನ ಅಂಗಿ ಹಾಕಿ, ಅದರೊಳಗೆ ವಾಚನ್ನು ಲಾಡಿಯಲ್ಲಿ ಕಟ್ಟಿಕೊಂಡು, ಕಿತ್ತ ಬೆಲ್ಟನ್ನು ಅಂಗಿಯ ಎದೆಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬೆಲ್ಟನ್ನು ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಅರಕಲಗೂಡು ಬಸ್ಸಿನಲ್ಲಿ ಕಂಡಕ್ಟರಿಗೂ ಒಂದು ಅಜ್ಜಿಗೂ ಜಗಳ ಹತ್ತಿತ್ತು. ಅಜ್ಜಿಯ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕಾವಿಗೆ ಕೂತ ಹ್ಯಾಟೆಕೋಳಿ.

"ನಂಗೆ ಫ್ರೀ, ನನ್ ಕೋಳಿಗೆ ದುಡ್ಡಾ? ಅದೂ ಹೆಂಗ್ಸೇ ಅಲ್ವೇನ್ಲಾ?"

"ಅಜ್ಜೀ, ಅದ್ಕೆ ಆಧಾರ್ ಕಾರ್ಡ್ ಐತಾ? ಸುಮ್ಕೆ ಟಿಕೆಟ್ ತಗೊ" ಅಂತ ಕಂಡಕ್ಟರು ಹರಿದು ಕೊಟ್ಟೇಬಿಟ್ಟ.

ಆಮೇಲೆ ನನ್ನ ಹತ್ತಿರ ಬಂದು ಗುರುತು ಹಿಡಿದ. "ಓ, ವಾಚಿನಂಗಡಿ ಸಾವ್ಕಾರ್ರು! ನಿಮ್ ಬೆಲ್ಟು ಮಳೆಗಾಲಕ್ಕೊಂದು ಸಲ ಕಿತ್ತೋಯ್ತದೆ ಸಾ. ಇಲ್ನೋಡಿ, ನಮ್ ಹೆಣ್ಮಗೀನ ಜಡೆ ರಬ್ಬರ್ ಬ್ಯಾಂಡು. ಎಷ್ಟ್ ಎಳೆದ್ರೂ ಬತ್ತದೆ" ಅಂತ ಎಳೆದು ತೋರಿಸಿದ. ಬಂತು, ಇನ್ನೂ ಬಂತು, ಮತ್ತೆ ಬರಲಿಲ್ಲ. ವಾಚು ಟಣ್ಣಂತ ಹಾರಿ ಸೀದಾ ಅಜ್ಜಿಯ ಬುಟ್ಟಿಗೆ ಬಿತ್ತು. ಹ್ಯಾಟೆ ಒಂದು ಸಲ ಗಾಬರಿಯಿಂದ ಎದ್ದು, ವಾಚನ್ನು ಕತ್ತು ಓರೆ ಮಾಡಿ ನೋಡಿ, ಮೊಟ್ಟೆಯೇ ಇರಬೇಕು ಅಂದುಕೊಂಡು ಅದರ ಮೇಲೆ ಕೂತುಬಿಟ್ಟಿತು.

"ಅಜ್ಜೀ, ಕೋಳಿ ವಸಿ ಎತ್ತಮ್ಮಾ. ನನ್ ವಾಚು ಕೆಳಗೈತೆ."

"ಎತ್ತಾಕಿಲ್ಲ ಓಗ್ಲಾ. ಅದ್ಕೆ ಟಿಕೆಟ್ ಅರ್ದಿದ್ದೀಯ ತಾನೆ? ಈಗದು ಪಾಸಿಂಜರ್ರು. ಟಿಕೆಟ್ ತಗಂಡೋರ್ನ ಸೀಟಿಂದ ಎಬ್ಬಿಸ್ತಾರೇನ್ಲಾ?"

ಇಡೀ ಬಸ್ಸು ಅಜ್ಜಿಯ ಕಡೆಗೇ ಆಯಿತು. ಕಂಡಕ್ಟರು ಮೆಲ್ಲಗೆ ಕೈ ಹಾಕಲು ಹೋಗಿ ಒಂದು ಕುಕ್ಕು ತಿಂದ. ಮುಂದಿನ ಸ್ಟಾಪಿನಲ್ಲಿ ಡ್ರೈವರು, "ಟೈಮೆಷ್ಟಾಯ್ತಯ್ಯಾ, ಬಿಡೋದಾ?" ಅಂತ ಹಿಂದಕ್ಕೆ ತಿರುಗಿ ಕೂಗಿದ. ಕಂಡಕ್ಟರು ಬರಿಗೈ ನೋಡಿಕೊಂಡ, ಬುಟ್ಟಿ ನೋಡಿದ.

"ತಡಿಯಣ್ಣಾ, ಕೋಳಿ ಎದ್ಮ್ಯಾಕೆ ಟೈಮ್ ಯೋಳ್ತೀನಿ!"

ದನಗಳ ಪ್ರೀತಿ

ಮಾವನ ಮನೆಯಲ್ಲಿ ನನಗೆ ಸಿಗುವ ಮರ್ಯಾದೆಯಲ್ಲಿ ಮುಕ್ಕಾಲು ಪಾಲು ಕೊಟ್ಟಿಗೆಯದು. ಮದುವೆಯಾದ ಹೊಸತರಿಂದಲೂ ಹಾಗೇ. ನಾನು ಹೊಸಿಲು ತುಳಿದ ಕೂಡಲೇ ದನಗಳೆಲ್ಲ ಕತ್ತು ಚಾಚಿ ನನ್ನ ಎಡಗೈ ಮೂಸುತ್ತವೆ, ನೆಕ್ಕುತ್ತವೆ. ಮೂಕಪ್ರಾಣಿಗಳಿಗೆ ಒಳ್ಳೆಯವರು ಯಾರು ಅಂತ ಗೊತ್ತಾಗಿಬಿಡುತ್ತದೆ ಅಂತ ಕಂಡವರಿಗೆಲ್ಲ ಹೇಳಿಕೊಂಡಿದ್ದೇನೆ. ಮಾವ ಮಾತ್ರ ಓಡಿಬಂದು, "ಏಯ್, ಅತ್ಲಾಗೋಗು!" ಅಂತ ದನಗಳನ್ನು ಅಟ್ಟುತ್ತಿದ್ದರು. ಅಳಿಯನ ಅಂಗಿ ಕೊಳೆಯಾಗಬಾರದು ಅಂತ ಎಷ್ಟು ಕಾಳಜಿ ನೋಡಿ ಅಂದುಕೊಳ್ಳುತ್ತಿದ್ದೆ.

ಈ ಸಲ ಹಸು ನನ್ನ ಎಡಗೈ ಮೂಸಿ, ಸುಮ್ಮನಾಗಿ, ಮೂತಿಯನ್ನು ಸೀದಾ ಎದೆಗೆ ತಂದಿತು. ಜೇಬಿನಲ್ಲಿ ಮೂಗಿಟ್ಟು ಕಣ್ಣು ಮುಚ್ಚಿ ನಿಂತುಬಿಟ್ಟಿತು. ನನಗೂ ಕಣ್ಣು ಮುಚ್ಚಿತು. ಹಸುವಿನ ಬಿಸಿಯುಸಿರು, ಹುಲ್ಲಿನ ವಾಸನೆ, ಎಲ್ಲೋ ದೂರದಲ್ಲಿ ಗಂಟೆ. ಇಷ್ಟು ದಿನ ಕೈವರೆಗೆ ಇದ್ದ ಪ್ರೀತಿ ಈಗ ಹೃದಯಕ್ಕೇ ಬಂತು ಅಂದುಕೊಂಡೆ.

"ಅತ್ಲಾಗೋಗು!" ಮಾವ ಓಡಿಬಂದರು. ಉಸಿರು ತೆಗೆದುಕೊಂಡು, ನನ್ನ ಮುಚ್ಚಿದ ತೋಳನ್ನೇ ನೋಡುತ್ತ ಕೇಳಿದರು: "ಬೆಲ್ಟು ಎಂಗಿದೆ ಅಳಿಯಂದ್ರೇ?"

"ಬೆಲ್ಟಿಗೇನು ಮಾವ, ಚೆನ್ನಾಗೈತೆ" ಅಂದೆ, ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು. "ವರಪೂಜೆಗೆ ಹುಡುಗನಿಗೆ ಅದನ್ನೇ ಕಟ್ತೀನಿ. ನಿಮ್ಮ ಕಣ್ಣೆದುರಿಗೇ."

ಮಾವ ಬಿಳಿಚಿಕೊಂಡರು. "ಅಯ್ಯೋ, ಅದ್ಯಾಕೆ? ಹೊಸ ಕಾಲದ ಹುಡ್ಗ, ಹೊಸ್ದು ತೆಗೆದ್ಬುಡಿ. ಅಂದಂಗೆ, ಗಂಡು ಏನ್ ಮಾಡ್ಕಂಡವ್ನೆ ಅಂದ್ರಿ?"

"ದನದ ಡಾಕ್ಟರು ಮಾವ."

"ಯಪ್ಪಾ!" ಅಂದು ಜಗಲಿಯ ಮೇಲೆ ಕೂತರು. ಮೊಮ್ಮಗಳಿಗೆ ಎಂಥ ಗಂಡು ಸಿಕ್ಕಿದ ಅನ್ನುವ ಸಂತೋಷಕ್ಕೆ ಹಾಗೆ ಅಂದರು ಅಂತ ನಾನು ತಿಳಿದೆ.

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ನಿಮ್ಮಪ್ಪನೇ ಬೇಡ ಅಂದರು, ಹೊಸದು ತರೋಣ ಅಂದೆ. ಅವಳು ಕೇಳಲಿಲ್ಲ. "ನಮ್ಮಪ್ಪ ಬೇಡ ಅಂದ್ರೆ ಬೇಕು ಅಂತ ಅರ್ಥ ಕಣ್ರೀ. ನಿಮ್ಮನ್ನೂ ಮೊದಲು ಬೇಡ ಅಂತಲೇ ಅಂದಿದ್ದು."

ದಬ್ಬಣ

ಹಾಸನದಲ್ಲಿ ನಾನು ಬೆಲ್ಟುಗಳನ್ನು ಕೊಳ್ಳುವ ಹೋಲ್‌ಸೇಲ್ ಅಂಗಡಿ ಇದೆ. ಅಲ್ಲಿಗೆ ಹೋಗಿ ಬೆಲ್ಟನ್ನು ಕರ್ಚೀಫಿನಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ಅಂಗಡಿಯವರು ಬಗ್ಗಿಸಿದರು, ಬಗ್ಗಲಿಲ್ಲ. ಮೂಗಿನ ಹತ್ತಿರ ತಂದರು, ದೂರ ಹಿಡಿದರು.

"ಯಾವ ಕಂಪನಿದು ಸಾರ್?"

"ಅರ್ಧಚಂದ್ರ ಮಾರ್ಕು. ನಿಮ್ಮ ಕಡೆ ಬಂದಿರಲಿಕ್ಕಿಲ್ಲ."

"ಇಲ್ಲ ಸಾರ್, ನಾನು ಹುಟ್ಟಿದಾಗಿಂದ ವಾಚಿಗೆ ಇಂಥದ್ದು ನೋಡಿಲ್ಲ" ಅಂತ ಅವರು ವಿನಯದಿಂದ ಒಪ್ಪಿಕೊಂಡರು. ಅದಕ್ಕೆ ಹೊಂದುವ ಚರ್ಮ ಅವರಲ್ಲಿ ಇರಲಿಲ್ಲ. ನನಗೆ ಬೇಜಾರಿನ ಜೊತೆಗೆ ಒಂದು ಥರ ಹೆಮ್ಮೆಯೂ ಆಯಿತು.

ವಾಪಸು ಬಂದು, ಗೋಣಿಚೀಲ ಹೊಲಿಯುವ ದೊಡ್ಡ ದಬ್ಬಣ ತೆಗೆದುಕೊಂಡು ಅಂಗಡಿಯಲ್ಲಿ ಕೂತೆ. ಮಧ್ಯಾಹ್ನದ ಹೊತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಒಳಗಡೆ ಹೆಂಡತಿಯ ಸೀರೆಯಂಚು ಒತ್ತುಕೊಟ್ಟು, ಮೇಣ ಹಚ್ಚಿದ ದಾರದಲ್ಲಿ ಒಂದೊಂದೇ ಹೊಲಿಗೆ ಹಾಕಿದೆ. ಗಡಿಯಾರಗಳೆಲ್ಲ ಒಟ್ಟಿಗೆ ಹರಿಯುತ್ತಿದ್ದವು. ನಾನು ಹೊಲಿಯುತ್ತಿದ್ದೇನೋ, ಗುಡ್ಡದ ಇಳಿಜಾರಿನಲ್ಲಿ ದನ ಕಾಯುತ್ತಿದ್ದೇನೋ ನನಗೇ ಗೊತ್ತಾಗದೆ ಹೊತ್ತು ಹೋಯಿತು. ಕೊನೇ ಗಂಟು ಹಾಕಿ ತಲೆ ಎತ್ತಿದರೆ ಎದುರಿಗೆ ಹಳೇಕೋಟೆಯ ಯಜಮಾನರು.

"ಓಹೋಹೋ! ನೀವೂ ಕೈಯಾರೆ ಮಾಡ್ಕತೀರಾ ಸಾ? ಮತ್ತೆ ನಮ್ಗೆ ಬೈತಿದ್ರಿ?"

ನಾನು ಬೆಲ್ಟನ್ನು ತೊಡೆಯಡಿ ಸರಿಸಿದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಆಪ್ತರ ಹಾಗೆ ಬಗ್ಗಿ, ಮಣಿಕಟ್ಟು ಮುಂದೆ ಚಾಚಿದರು. ಬೋಳಿಸಿ ಬೋಳಿಸಿ ಬದನೆಕಾಯಿಯ ಹಾಗೆ ನುಣ್ಣಗಿತ್ತು.

"ದಬ್ಬಣ ಒಲಿಗೆ ಎಲ್ಲಾ ಯಾಕೆ ಸಾ, ಗಮ್ಮು ಆಕಿ. ಬ್ಲೇಡು ಬೇಕಾದ್ರೆ ನಾನೇ ಕೊಡ್ತೀನಿ."

ವರಪೂಜೆ

ಛತ್ರದ ತುಂಬ ಜನ. ಮುಂದಿನ ಸಾಲಿನ ಕುರ್ಚಿಯಲ್ಲಿ ಮಾವ ಕೂತಿದ್ದರು, ಹೆಗಲ ಮೇಲೆ ಹೊಸ ಟವೆಲ್ಲು, ಕಣ್ಣು ನನ್ನ ಕೈಯ ತಟ್ಟೆಯ ಮೇಲೆ. ರೆಪ್ಪೆ ಬಡಿಯುತ್ತಿರಲಿಲ್ಲ. ನನ್ನ ಎದೆ ಗೋಡೆಗಡಿಯಾರಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಹುಡುಗ ತನ್ನ ಫೋನಿನಂಥ ವಾಚನ್ನು ಬಿಚ್ಚಿಟ್ಟು ಕೈ ಚಾಚಿದ. ನಾನು ಹೊಲಿಗೆಯ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಬಕಲ್ ಹಾಕಿ, ಕೈ ತೆಗೆದೆ. ಯಾರೂ ಏನೂ ಅನ್ನಲಿಲ್ಲ. ಗೆದ್ದೆ ಅಂದುಕೊಂಡೆ. ಹುಡುಗ ಮಾತ್ರ ಬೆಲ್ಟನ್ನು ತಿರುಗಿಸಿ ನೋಡುತ್ತಿದ್ದ. ಅವನ ಬೆರಳು ಹೊಲಿಗೆ ದಾಟಿ ಹೋಗಿ ಅರ್ಧಚಂದ್ರದ ಮೇಲೆ ನಿಂತಿತು. ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದ.

"ಮಾವ, ಇದನ್ನ ಎಲ್ಲಿ ಮಾಡಿಸಿದ್ರಿ?" ಅಂತ ನನ್ನನ್ನು ಕೇಳಿದ.

"ಸ್ವಿಟ್ಜರ್ಲೆಂಡು!" ಅಂದೆ, ಮುಂದಿನ ಸಾಲಿಗೆ ಕೇಳಿಸುವಷ್ಟು ಜೋರಾಗಿ.

"ಅಲ್ಲ ಮಾವ" ಅಂದ ಹುಡುಗ, ರೋಗಿಯ ಕಡೆಯವರಿಗೆ ಹೇಳುವ ಹಾಗೆ ಮೃದುವಾಗಿ. "ಇದು ಎತ್ತಿನ ಕೊರಳಿಗೆ ಗಂಟೆ ಕಟ್ಟೋ ಪಟ್ಟಿ. ನಾನು ದಿನಾ ನೋಡ್ತೀನಲ್ಲ. ಇಲ್ನೋಡಿ, ಗಂಟೆಯ ಬಳೆ ಉಜ್ಜಿ ಉಜ್ಜಿ ಗುರುತಾಗಿದೆ."

ವಾಲಗದವರು ಊದುವುದನ್ನು ನಿಲ್ಲಿಸಿದರು. ನಾನು ಮಾವನ ಕಡೆ ತಿರುಗಿದೆ. ಅವರು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡಿದ್ದರು, ಹೆಗಲು ಕುಲುಕುತ್ತಿತ್ತು. "ಅಪ್ಪಾ, ಅಳಬ್ಯಾಡ ಕಣಪ್ಪಾ" ಅಂತ ಹೆಂಡತಿ ಓಡಿದಳು. ಟವೆಲ್ಲು ಸರಿಯಿತು. ಮಾವ ನಗುತ್ತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರು ಹಾಗೆ ನಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಅಯ್ಯೋ ದ್ಯಾವ್ರೇ, ಇವತ್ತು ಬಿಡುಗಡೆ ಆಯ್ತು" ಅಂದರು. "ನಿಮ್ ಮದ್ವೇಲಿ ವಾಚು, ಉಂಗ್ರ, ಪಂಚೆ ಎಲ್ಲಾ ತಟ್ಟೇಲಿಟ್ಟು ಜಗಲಿ ಮ್ಯಾಲೆ ಮಡಗಿದ್ದೆ ಕಣಪ್ಪಾ. ಎತ್ಲಾಗಿಂದ್ಲೋ ಕರು ಬಂದು ವಾಚಿನ ಬೆಲ್ಟು ಅಗ್ದು ನುಂಗ್ಬುಡ್ತು, ಬಕಲ್ಲು ಮಾತ್ರ ಉಗೀತು. ಅರಕಲಗೂಡ್ಗೆ ಓಗಿ ತರಾನ ಅಂದ್ರೆ ಒತ್ತೆಲ್ಲೈತೆ? ದಿಬ್ಬಣ ಊರಬಾಕ್ಲಿಗೆ ಬಂದದೆ, ವಾಲಗ ಕೇಳ್ತದೆ. ಕೊಟ್ಗೇಲಿ ನಮ್ಮೆತ್ತು ಬಸವನ ಕೊರಳ ಪಟ್ಟಿ ಕಾಣ್ತು. ಕುಡ್ಲಲ್ಲಿ ಸೀಳ್ದೆ, ಹರಳೆಣ್ಣೆ ಉಜ್ಜಿದೆ, ದಬ್ಬಣದಲ್ಲಿ ತೂತ ಆಕ್ದೆ, ಕಟ್ಬುಟ್ಟೆ. ಕಟ್ಟಿದ ಮ್ಯಾಲೆ ಗ್ಯಾಪ್ನ ಬಂತು, ಗಂಡು ವಾಚಿನಂಗ್ಡಿಯೋನು ಅಂತ!"

ಛತ್ರಕ್ಕೆ ಛತ್ರವೇ ನಗತೊಡಗಿತು. ನನಗೆ ಇನ್ನೂ ಅರ್ಧ ಕನಸು.

"ಮತ್ತೆ ಮಾವ, ನಾನು ಬಂದಾಗೆಲ್ಲ ಮಣಿಕಟ್ಟು ನೋಡಿ ಬೆಲ್ಟು ಎಂಗಿದೆ ಅಂತಿದ್ದಿದ್ದು?"

"ಭಯಕ್ಕೆ ಕಣಪ್ಪಾ! ಇವತ್ತು ಕಂಡುಹಿಡೀತಾರೆ, ನಾಳೆ ಕಂಡುಹಿಡೀತಾರೆ, ಮಾವ ಎತ್ತಿನ ಪಟ್ಟಿ ಕಟ್ಟಿ ಮೋಸ ಮಾಡ್ದ ಅಂತ ನನ್ ಮಗಳ್ನ ಆಡ್ಕತಾರೆ ಅಂತ ಒಳಗೊಳಗೇ ಪುಕ್ಕಲು. ಆ ದನಗೋಳು ಬ್ಯಾರೆ, ನೀವು ಬಂದೇಟ್ಗೆ ಮೂಸಾಕೆ ಬರ್ತಿದ್ವು. ನೀವು ಎಂದೂ ಒಂದ್ ಮಾತು ಅನ್ನಲಿಲ್ಲ. ಗೊತ್ತಿದ್ದೂ ನನ್ ಮಾನ ಕಾಯ್ತಾವ್ರೆ, ಎಂಥಾ ದೊಡ್ಡ ಮನ್ಸ ಅಂದ್ಕಂಡಿದ್ದೆ."

ಇಷ್ಟು ವರ್ಷ ನಾನು ಅವರಿಗೆ ಹೆದರಿಕೊಂಡಿದ್ದೆ, ಅವರು ನನಗೆ ಹೆದರಿಕೊಂಡಿದ್ದರು. ಸಂಕಟವೂ ಆಯಿತು, ನಗುವೂ ಬಂತು. ಹೋಗಿ ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಹೆಂಡತಿ ನಮ್ಮಿಬ್ಬರನ್ನೂ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಸ್ವಿಟ್ಜರ್ಲೆಂಡಂತೆ!" ಅಂದಳು.

"ಹೊಸ ಬೆಲ್ಟು ಹಾಕಿಸ್ಲೇನಪ್ಪಾ?" ಅಂತ ಹುಡುಗನನ್ನು ಕೇಳಿದೆ.

"ಬೇಡ ಮಾವ, ಇದೇ ಇರಲಿ" ಅಂದ.

"ಇರ್ಲಿ ಇರ್ಲಿ, ಗಟ್ಟಿ ಪಟ್ಟಿ" ಅಂದರು ಮಾವ. "ಬಸವನೇನೋ ಒಂದ್ಸಲ ಕಿತ್ಕಂಡು ಓಡೋಗಿತ್ತು. ನಮ್ ಅಳಿಯಂದ್ರು ಎಲ್ಲೂ ಓಡೋಗ್ನಿಲ್ಲ."

ಮದುವೆ ಮುಗಿದು ದಿನಗಳಾದವು. ಮಧ್ಯಾಹ್ನದ ಕನಸು ಈಗಲೂ ಬರುತ್ತದೆ. ಗುಡ್ಡ ಇದೆ, ದನ ಇವೆ, ಗಂಟೆಯೂ ಕೇಳುತ್ತದೆ. ಹಿಮ ಮಾತ್ರ ಕರಗಿಹೋಗಿ ಅಲ್ಲಿ ಹೊಗೆಸೊಪ್ಪಿನ ಹೊಲ ಎದ್ದಿದೆ. ಮೊನ್ನೆ ವಾಚಿಲ್ಲದ ಬರಿಗೈಯಲ್ಲಿ ಮಾವನ ಊರಿಗೆ ಹೋಗಿದ್ದೆ. ಕೊಟ್ಟಿಗೆಯಲ್ಲಿ ಒಂದೇ ಒಂದು ದನವೂ ನನ್ನ ಕಡೆ ತಿರುಗಿ ನೋಡಲಿಲ್ಲ. ಮಾವ ಜಗಲಿಯಿಂದ ಎದ್ದು ಬಂದರು, ಮಣಿಕಟ್ಟಿನ ಕಡೆ ಕಣ್ಣೂ ಹಾಯಿಸದೆ ಮೊದಲ ಸಲ ನನ್ನ ಮುಖ ನೋಡಿದರು.

"ಎಂಗಿದ್ದೀರಿ ಅಳಿಯಂದ್ರೇ?"